ಅಮೆರಿಕದಲ್ಲಿ ಫೆಡರಲ್ ಏಜೆಂಟರು ತಪ್ಪು ಮನೆಗೆ ನುಗ್ಗಿದರೆ ಅವರ ಮೇಲೆ ಕೇಸ್ ಹಾಕಬಹುದೇ?

ನ್ಯೂಜೆರ್ಸಿಯಲ್ಲಿರುವ ನಿಮ್ಮ ಭಾವನವರ ಮನೆಗೆ ಫೆಡರಲ್ ಏಜೆಂಟರು ಬೆಳಗಿನ ಜಾವ ನುಗ್ಗಿ, ಮಕ್ಕಳೆದುರೇ ಅವರಿಗೆ ಕೋಳ ತೊಡಿಸಿ, ಆಮೇಲೆ ವಿಳಾಸ ತಪ್ಪಾಯಿತು ಎಂದು ಹೊರಟುಹೋದರು, ಇದಾಗಿ ಒಂದೂವರೆ ವರ್ಷವಾಯಿತು ಎಂದು ಬರೆದಿದ್ದೀರಿ. ಸಂವಿಧಾನದ ಹಕ್ಕು ಮುರಿದದ್ದಕ್ಕೆ ಆ ಏಜೆಂಟರ ಮೇಲೆ ಕೇಸ್ ಹಾಕಬಹುದೇ ಎಂಬುದು ನಿಮ್ಮ ಪ್ರಶ್ನೆ.

ನಾನು ವಕೀಲನಲ್ಲ. ಅದೇ ರಾಜ್ಯದ ಒಂದು ವಕೀಲರ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಪ್ಯಾರಾಲೀಗಲ್ ಆಗಿದ್ದೇನೆ. ಅರ್ಜಿ ತುಂಬುವುದು, ಗಡುವು ತಪ್ಪದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ "ಒಂದೂವರೆ ವರ್ಷ" ಅನ್ನುವ ಮಾತು ಓದಿದಾಗಲೇ ಎದೆ ಝಲ್ಲೆಂದಿತು. ಎರಡು ವರ್ಷ ತುಂಬಿದರೆ ಭಾವನವರಿಗಿರುವ ಮುಖ್ಯ ದಾರಿ ಮುಚ್ಚಿಹೋಗುತ್ತದೆ. ಆ ದಾರಿ ನೀವು ಅಂದುಕೊಂಡಿರುವ ಸಂವಿಧಾನದ ದಾರಿ ಅಲ್ಲ. ಯಾಕೆ ಅಲ್ಲ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1965ರ ನವೆಂಬರ್ 26, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ವೆಬ್‌ಸ್ಟರ್ ಬಿವೆನ್ಸ್ ಎಂಬಾತನ ಮನೆಗೆ ಮಾದಕವಸ್ತು ಇಲಾಖೆಯ ಫೆಡರಲ್ ಏಜೆಂಟರು ನುಗ್ಗಿದರು. ಅವನ ದೂರಿನ ಪ್ರಕಾರ ಅವರ ಕೈಯಲ್ಲಿ ವಾರಂಟ್ ಇರಲಿಲ್ಲ. ಹೆಂಡತಿ ಮಕ್ಕಳ ಮುಂದೆ ಕೋಳ ಹಾಕಿದರು, ಮನೆಯವರನ್ನೆಲ್ಲ ಬಂಧಿಸುತ್ತೇವೆ ಎಂದು ಹೆದರಿಸಿದರು, ಮೂಲೆ ಮೂಲೆ ಜಾಲಾಡಿದರು. ಆಮೇಲೆ ಅವನನ್ನು ಕೋರ್ಟ್ ಕಟ್ಟಡಕ್ಕೆ ಒಯ್ದು ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದರು. ಅವನ ಮೇಲಿನ ಆರೋಪ ಕೊನೆಗೆ ವಜಾ ಆಯಿತು.

1967ರಲ್ಲಿ ಬಿವೆನ್ಸ್ ವಕೀಲರಿಲ್ಲದೆ ತಾನೇ ದಾವೆ ಹೂಡಿದ. ಒಬ್ಬೊಬ್ಬ ಏಜೆಂಟನಿಂದ 15,000 ಡಾಲರ್ ಕೇಳಿದ. ಅವರ ಹೆಸರು ಅವನಿಗೆ ಗೊತ್ತಿರಲಿಲ್ಲ, ಅದಕ್ಕೇ ಆ ಮೊಕದ್ದಮೆಯ ಹೆಸರಿನಲ್ಲಿ ಇವತ್ತಿಗೂ "ಆರು ಮಂದಿ ಅಪರಿಚಿತ ಏಜೆಂಟರು" ಎಂದೇ ಇದೆ. ಕೆಳಗಿನ ಎರಡೂ ಕೋರ್ಟುಗಳು ದಾವೆಯನ್ನು ತಳ್ಳಿಹಾಕಿದವು. 1971ರಲ್ಲಿ ಸುಪ್ರೀಂ ಕೋರ್ಟ್ ಅವನ ಪರ ನಿಂತಿತು: ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕಾನೂನು ಮಾಡಿಲ್ಲದಿದ್ದರೂ, ಅಕಾರಣ ತಪಾಸಣೆ, ಬಂಧನ ಕೂಡದು ಎನ್ನುವ ಸಂವಿಧಾನದ ನಾಲ್ಕನೇ ತಿದ್ದುಪಡಿಯನ್ನು ಮುರಿದ ಫೆಡರಲ್ ಏಜೆಂಟರಿಂದ ನೇರವಾಗಿ ಪರಿಹಾರ ಕೇಳಬಹುದು. ನ್ಯಾಯಮೂರ್ತಿ ಹಾರ್ಲನ್ ಬರೆದ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ: ಬಿವೆನ್ಸ್‌ನಂಥವರಿಗೆ ಪರಿಹಾರದ ಹಣ, ಇಲ್ಲದಿದ್ದರೆ ಏನೂ ಇಲ್ಲ. ತಪ್ಪೇ ಮಾಡದವನಿಗೆ ಇನ್ನೇನು ಕೊಡಲಾದೀತು? ಸಾಕ್ಷ್ಯ ತಿರಸ್ಕರಿಸಿ ಅನ್ನಲು ಅವನ ಮೇಲೆ ಕೇಸೇ ಇಲ್ಲ. ಆಗಿಹೋದದ್ದಕ್ಕೆ ತಡೆಯಾಜ್ಞೆ ತಂದು ಉಪಯೋಗವಿಲ್ಲ.

ಆ ಬಾಗಿಲು ತೆರೆದಿದ್ದು ಸ್ವಲ್ಪ ಕಾಲ ಮಾತ್ರ. 1979ರಲ್ಲಿ ಒಮ್ಮೆ, 1980ರಲ್ಲಿ ಒಮ್ಮೆ ಅದೇ ನ್ಯಾಯವನ್ನು ಬೇರೆ ಸಂದರ್ಭಕ್ಕೆ ವಿಸ್ತರಿಸಿದರು. ಆಮೇಲೆ ಸುಪ್ರೀಂ ಕೋರ್ಟ್ ಒಂದು ಸಲವೂ ಹೊಸದಾಗಿ ವಿಸ್ತರಿಸಿಲ್ಲ. ಮೆಕ್ಸಿಕೋ ಗಡಿಯಾಚೆ ನಿಂತಿದ್ದ 15 ವರ್ಷದ ಹುಡುಗನನ್ನು ಗಡಿ ಏಜೆಂಟ್ ಈಚೆಯಿಂದ ಗುಂಡಿಟ್ಟು ಕೊಂದ ಕೇಸಿನಲ್ಲಿ 2020ರಲ್ಲಿ ತಂದೆತಾಯಿಗೆ ಇಲ್ಲ ಎಂದರು. 2022ರ ಎಗ್ಬರ್ಟ್ ತೀರ್ಪಿನಲ್ಲಂತೂ, ಇಂಥದ್ದು ಕಾಂಗ್ರೆಸ್ಸಿಗೆ ಬಿಟ್ಟ ವಿಚಾರ ಎನ್ನಲು ಒಂದು ಕಾರಣ ಸಿಕ್ಕರೂ ಸಾಕು, ಕೋರ್ಟ್ ಕೈಹಾಕಬಾರದು ಎಂದುಬಿಟ್ಟರು. ಅಲ್ಲೂ ದೂರು ನಾಲ್ಕನೇ ತಿದ್ದುಪಡಿಯದ್ದೇ. ನನಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ. ಅದೇ ಕೆಲಸವನ್ನು ಊರಿನ ಪೊಲೀಸನೋ ಶೆರಿಫನ ಮಂದಿಯೋ ಮಾಡಿದ್ದರೆ 1871ರ ಕಾನೂನಿನ ಸೆಕ್ಷನ್ 1983ರ ಕೆಳಗೆ ಅವರನ್ನು ಕೋರ್ಟಿಗೆಳೆಯಬಹುದಿತ್ತು. ಫೆಡರಲ್ ಏಜೆಂಟರಿಗೆ ಅಂಥ ಕಾನೂನಿಲ್ಲ. ಅದಕ್ಕೇ ಅವತ್ತು ಬಂದವರಲ್ಲಿ ಸ್ಥಳೀಯ ಪೊಲೀಸರೂ ಇದ್ದರೇ ಎಂದು ಭಾವನವರನ್ನು ಇವತ್ತೇ ಕೇಳಿ. ಜಾಕೆಟ್ಟಿನ ಬೆನ್ನ ಮೇಲೆ ಏನು ಬರೆದಿತ್ತು ಅನ್ನುವುದರ ಮೇಲೆ ಕೇಸಿನ ಹಣೆಬರಹವೇ ಬದಲಾಗುತ್ತದೆ.

ನಮ್ಮ ಕಡೆಯಿಂದ ಬಂದವರು "ಹೈಕೋರ್ಟಿಗೆ ಒಂದು ರಿಟ್ ಹಾಕಿದರೆ ಆಗಲ್ವಾ ಸಾರ್" ಎನ್ನುತ್ತಾರೆ. ಖುಲಾಸೆಯಾದ ಮೇಲೂ ಜೈಲಿನಲ್ಲೇ ಇಟ್ಟಿದ್ದ ರುದುಲ್ ಶಾ ಪ್ರಕರಣದಲ್ಲಿ 1983ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯಲ್ಲೇ ಪರಿಹಾರ ಕೊಡಿಸಿತ್ತು, ನಿಜ. ಇಲ್ಲಿ ಆ ಪದ್ಧತಿ ಇಲ್ಲ.

ಇನ್ನು ಉಳಿದಿರುವ ದಾರಿ. 1946ರ ಫೆಡರಲ್ ಟಾರ್ಟ್ ಕ್ಲೈಮ್ಸ್ ಆ್ಯಕ್ಟ್ (ಟಾರ್ಟ್ ಅಂದರೆ ಪರಿಹಾರ ಕೇಳಬಹುದಾದ ಸಿವಿಲ್ ತಪ್ಪು) ಪ್ರಕಾರ ಏಜೆಂಟನ ಮೇಲಲ್ಲ, ಅಮೆರಿಕ ಸರ್ಕಾರದ ಮೇಲೇ ದಾವೆ ಹೂಡಬಹುದು. 1973ರಲ್ಲಿ ಇಲಿನಾಯ್‌ನ ಕಾಲಿನ್ಸ್‌ವಿಲ್ ಊರಿನಲ್ಲಿ ಏಜೆಂಟರು ಹೀಗೇ ತಪ್ಪು ಮನೆಗಳಿಗೆ ನುಗ್ಗಿದ್ದರು. ಅದರ ಗದ್ದಲದಿಂದ ಮರುವರ್ಷ ಕಾನೂನು ತಿದ್ದಿ, ಹಲ್ಲೆ ಮತ್ತು ಅಕ್ರಮ ಬಂಧನದಂಥ ದೂರುಗಳನ್ನೂ ಒಳಗೆ ಸೇರಿಸಿದರು. ಇತ್ತೀಚೆಗೆ, 2025ರ ಜೂನ್‌ನಲ್ಲಿ, ಅಟ್ಲಾಂಟಾದ ಒಂದು ಕುಟುಂಬದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಕೆಳಕೋರ್ಟಿನ ತೀರ್ಪನ್ನು ರದ್ದು ಮಾಡಿ ಮರುಪರಿಶೀಲನೆಗೆ ಕಳಿಸಿತು. 2017ರಲ್ಲಿ ಎಫ್‌ಬಿಐ ತಂಡ ಅವರ ಬಾಗಿಲು ಒಡೆದಿತ್ತು, ಹುಡುಕುತ್ತಿದ್ದ ಮನೆ ಬೇರೆ ಬೀದಿಯದ್ದು. ಗೆದ್ದರು ಅಂತ ಅರ್ಥವಲ್ಲ, ಹೋರಾಟ ಉಳಿಯಿತು ಅಷ್ಟೇ. ಅಧಿಕಾರಿಯ ವಿವೇಚನೆಗೆ ಬಿಟ್ಟ ಕೆಲಸ, ಅದಕ್ಕೆ ಸರ್ಕಾರ ಹೊಣೆಯಲ್ಲ ಎಂಬ ವಾದವನ್ನು ಸರ್ಕಾರ ನಿಮ್ಮ ಭಾವನವರ ಎದುರೂ ತಂದೇ ತರುತ್ತದೆ. ಜ್ಯೂರಿ ಇರುವುದಿಲ್ಲ, ತೀರ್ಮಾನ ನ್ಯಾಯಾಧೀಶರದ್ದೇ. ದಂಡರೂಪದ ಪರಿಹಾರವೂ ಸಿಗುವುದಿಲ್ಲ.

ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ. ಮೊದಲು ಆ ಇಲಾಖೆಗೇ ಕ್ಲೈಮ್ ಕೊಡಬೇಕು. ಅದಕ್ಕೆ ಬಳಸುವುದು ಸ್ಟ್ಯಾಂಡರ್ಡ್ ಫಾರ್ಮ್ 95. ಅದರ 12ನೇ ಕಾಲಂನಲ್ಲಿ ಎಷ್ಟು ಹಣ ಎಂದು ಖಚಿತವಾದ ಒಂದು ಮೊತ್ತ ಬರೆಯಬೇಕು. "ಆಮೇಲೆ ತಿಳಿಸುತ್ತೇವೆ" ಎಂದು ಬರೆದರೆ, ಖಾಲಿ ಬಿಟ್ಟರೆ, ಹಕ್ಕೇ ಕೈತಪ್ಪಬಹುದು. ಕಮ್ಮಿ ಬರೆದರೆ ಮುಂದೆ ಕೋರ್ಟಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಕೇಳಲಾಗುವುದಿಲ್ಲ. ಅಕ್ಕನವರಿಗೂ ಪ್ರತಿಯೊಂದು ಮಗುವಿಗೂ ಬೇರೆ ಬೇರೆ ಫಾರ್ಮ್ ಬೇಕು. ಎರಡು ವರ್ಷದೊಳಗೆ ಅಂಚೆಗೆ ಹಾಕಿದರೆ ಸಾಲದು, ಇಲಾಖೆಯ ಕೈ ಸೇರಿರಬೇಕು. ಆರು ತಿಂಗಳಲ್ಲಿ ಉತ್ತರ ಬರದಿದ್ದರೆ ನಿರಾಕರಿಸಿದ್ದಾರೆ ಎಂದು ತಿಳಿದು ಕೋರ್ಟಿಗೆ ಹೋಗಬಹುದು. ಆಗುವುದಿಲ್ಲ ಎಂದು ಲಿಖಿತವಾಗಿ ತಿಳಿಸಿದರೆ ಅವರು ಪತ್ರ ಕಳಿಸಿದ ದಿನದಿಂದ ಆರು ತಿಂಗಳೊಳಗೆ ದಾವೆ ಹೂಡಬೇಕು.

ವಕೀಲರ ಫೀಸಿಗೆ ಹೆದರಿ ಸುಮ್ಮನಿರುವುದು ಬೇಡ. ಇಲಾಖೆಯ ಹಂತದಲ್ಲೇ ಇತ್ಯರ್ಥವಾದರೆ ಸಿಕ್ಕ ಹಣದ ಶೇ 20, ದಾವೆ ಹೂಡಿದ ಮೇಲಾದರೆ ಶೇ 25, ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂದು ಕಾನೂನಿನಲ್ಲೇ ಇದೆ. ಒಡೆದ ಬಾಗಿಲ ಫೋಟೋ, ರಿಪೇರಿ ಬಿಲ್, ಮಕ್ಕಳನ್ನು ಡಾಕ್ಟರಿಗೆ ತೋರಿಸಿದ ಚೀಟಿ, ಎದುರುಮನೆಯವರ ಕ್ಯಾಮೆರಾದಲ್ಲಿ ಉಳಿದಿದ್ದರೆ ಆ ವಿಡಿಯೊ, ಎಲ್ಲ ಒಂದು ಕಡೆ ಸೇರಿಸಲು ಹೇಳಿ. ಈ ವಾರವೇ ಅಲ್ಲಿನ ವಕೀಲರೊಬ್ಬರನ್ನು ಕಾಣಲಿ. ಘಟನೆಯ ತಾರೀಖನ್ನು ಭಾವನವರು ನೆನಪಿನ ಮೇಲೆ ಹೇಳುವುದು ಬೇಡ, ಅವತ್ತಿನ ಯಾವುದಾದರೂ ಮೆಸೇಜೋ ಫೋಟೋವೋ ತೆಗೆದು ನೋಡಿ ಹೇಳಲಿ. ಒಂದು ದಿನ ಹೆಚ್ಚುಕಮ್ಮಿಯಾದರೂ ಅವರು ಫೈಲ್ ಮುಚ್ಚುತ್ತಾರೆ.