ಜನ ಬಂದ್ರೂ ಐಸ್ ರಿಂಕ್ ಯಾಕೆ ಮುಚ್ತಾರೆ?

ಪ್ರಶ್ನೆ: ಮಗಳು ಲಂಡನ್‌ನಲ್ಲಿದ್ದಾಳೆ. ಮೊಮ್ಮಗಳು ಶಾಲೆ ಬಿಟ್ಟು ನಡ್ಕೊಂಡೇ ಹೋಗಿ ಸ್ಕೇಟಿಂಗ್ ಕಲೀತಿದ್ದ ಐಸ್ ರಿಂಕ್ ಮುಚ್ಚಿದ್ರಂತೆ, ಅಲ್ಲಿ ಫ್ಲ್ಯಾಟ್ ಬರ್ತದಂತೆ. ಶನಿವಾರ, ಆದಿತ್ಯವಾರ ಕಾಲಿಡ್ಲಿಕ್ಕೆ ಜಾಗ ಇರ್ತಿರ್ಲಿಲ್ಲ ಅಂತಾಳೆ ಮಗಳು. ಮತ್ತೆ ಯಾಕೆ ಮುಚ್ಚೋದು?
– ಓದುಗರೊಬ್ಬರು, ಉಡುಪಿ

ಉತ್ತರ: ಅಮ್ಮಾ, ಇದನ್ನು ತಿಳ್ಕೊಳ್ಲಿಕ್ಕೆ ಲಂಡನ್ ತನಕ ಹೋಗೋದು ಬೇಡ, ಮಲ್ಪೆಯ ಐಸ್ ಪ್ಲಾಂಟ್ ನೋಡಿದ್ರೆ ಸಾಕು. ಅಲ್ಲಿ ಅಮೋನಿಯ ಕಂಪ್ರೆಸರ್ ಉಪ್ಪುನೀರನ್ನು ಸೊನ್ನೆಗಿಂತ ಕೆಳಗೆ ಇಳಿಸ್ತದೆ, ಅದ್ರಲ್ಲಿ ಇಳಿಬಿಟ್ಟ ಕ್ಯಾನ್‌ಗಳಲ್ಲಿ ನೀರು ಗಟ್ಟಿಯಾಗಿ ಬ್ಲಾಕ್ ಆಗ್ತದೆ. ರಿಂಕಲ್ಲೂ ಹೆಚ್ಚುಕಡಿಮೆ ಅದೇ ಮೆಷಿನ್ನು, ಉಪ್ಪುನೀರು ಕಾಂಕ್ರೀಟ್ ನೆಲದೊಳಗಿನ ಪೈಪಲ್ಲಿ ಓಡ್ತದೆ, ಮೇಲಿನ ಐಸ್ ಒಂದು-ಒಂದೂವರೆ ಇಂಚು ದಪ್ಪ ಅಷ್ಟೇ. ಆದ್ರೆ ಮಲ್ಪೆಯವ್ರು ಬ್ಲಾಕ್ ಮಾರ್ತಾರೆ, ಜೂನ್-ಜುಲೈಯಲ್ಲಿ ಬೋಟು ಇಳಿಯದಿದ್ರೆ ಐಸ್ ಕಡಿಮೆ ಮಾಡ್ತಾರೆ. ರಿಂಕಿನವ್ರು ಹತ್ತು ಜನ ಬರ್ಲಿ ಇನ್ನೂರು ಜನ ಬರ್ಲಿ, ಒಲಿಂಪಿಕ್ ಅಳತೆಯದ್ದಾದ್ರೆ 60 ಮೀಟರ್ ಉದ್ದ 30 ಮೀಟರ್ ಅಗಲದ ಐಸನ್ನು ರಾತ್ರಿ ಹಗಲು ಕರಗದ ಹಾಗೆ ಕಾಯ್ಬೇಕು, ನಡುನಡುವೆ ಬ್ಲೇಡಿನ ಗೀರು ಹೋಗ್ಲಿಕ್ಕೆ ಗಾಡಿ ಓಡಿಸಿ ಮೇಲ್ಪದರ ಕೆರೆದು ಬಿಸಿನೀರು ಹರಡ್ಬೇಕು, ಆ ನೀರು ಕಾಯಿಸುವ ಖರ್ಚು ಬೇರೆ. ಇದ್ರ ಮೇಲೆ ಕೆಲವು ಹಳೇ ರಿಂಕುಗಳಲ್ಲಿ ತಂಪು ಮಾಡ್ಲಿಕ್ಕೆ ಬಳಸ್ತಿದ್ದ ಆರ್-22 ಅನ್ನುವ ಗ್ಯಾಸನ್ನು ಯುರೋಪಲ್ಲಿ 2015ರಿಂದ ತುಂಬಿಸ್ಲಿಕ್ಕೇ ಇಲ್ಲ, ಓಝೋನ್ ಹಾಳು ಮಾಡ್ತದೆ ಅಂತ, ಹಾಗಾಗಿ ಕೆಲವು ಕಡೆ ಇಡೀ ಪ್ಲಾಂಟೇ ಬದಲಿಸ್ಬೇಕಾಗಿ ಬಂತು.

ಅಷ್ಟು ದುಡ್ಡು ಹಾಕುವ ಹೊತ್ತಿಗೆ ಸರಿಯಾಗಿ ಬಿಲ್ಡರ್ ಬರ್ತಾನೆ. ಲಂಡನ್ನಿನ ರಿಚ್ಮಂಡ್ ರಿಂಕ್ 1928ರದ್ದು, ತುಂಬ ಹೆಸರಾಗಿತ್ತು, 1992ರಲ್ಲಿ ಹೋಯ್ತು, ಈಗ ಅಲ್ಲಿ ಮನೆಗಳು. ಆದ್ರೆ ಹೀಗೇ ಆಗ್ಬೇಕಂತ ಇಲ್ಲ ನೋಡಿ, ಲಂಡನ್ನಿನದ್ದೇ ಸ್ಟ್ರೆಥಮ್‌ನಲ್ಲಿ 1931ರ ರಿಂಕ್ 2011ರಲ್ಲಿ ಮುಚ್ಚಿದಾಗ ಅದೇ ಯೋಜನೆಯಲ್ಲಿ ಸೂಪರ್‌ಮಾರ್ಕೆಟ್ಟು, ಫ್ಲ್ಯಾಟಿನ ಜೊತೆ ಹೊಸ ರಿಂಕೂ ಬಂತು, 2013ರಲ್ಲಿ ತೆರೆದ್ರು. ಕಟ್ಟಡಕ್ಕೆ ಪರ್ಮಿಷನ್ ಕೊಡುವಾಗ್ಲೇ ಕೌನ್ಸಿಲ್, ಅಂದ್ರೆ ಅಲ್ಲಿನ ಪಾಲಿಕೆ, ಗಟ್ಟಿ ಕೂತ್ರೆ ಇದು ಆಗ್ತದೆ, ಕಟ್ಟಿ ಮುಗಿದ ಮೇಲೆ ಯಾರ ಹತ್ರ ಕೇಳೋದು? ಊರ ಹೊರಗೆ ದೊಡ್ಡದು ಕಟ್ತೇವೆ ಅಂತಾರಲ್ಲ, ನಂಗೆ ಸ್ವಲ್ಪವೂ ಸಮಾಧಾನ ಇಲ್ಲ, ಕಾರಿಲ್ಲದ ಮನೆಯ ಮಕ್ಕಳಿಗೆ ಅದು ಇದ್ರೂ ಇಲ್ಲದ ಹಾಗೆ. ಮುಚ್ಚಿದ ರಿಂಕ್ ಮತ್ತೆ ತೆರೆದದ್ದೂ ಉಂಟು. ಜಪಾನಿನ ಸೆಂಡೈ ರಿಂಕ್ ನಷ್ಟದಿಂದ 2004ರಲ್ಲಿ ಮುಚ್ಚಿದಾಗ ಅಲ್ಲಿ ಕಲೀತಿದ್ದ ಯುಜುರು ಹನ್ಯುಗೆ ಹತ್ತು ವರ್ಷ. ಅದೇ ರಿಂಕಲ್ಲಿ ಬೆಳೆದ ಶಿಜುಕಾ ಅರಾಕಾವಾ 2006ರಲ್ಲಿ ಒಲಿಂಪಿಕ್ ಚಿನ್ನ ಗೆದ್ರು, 2007ರಲ್ಲಿ ರಿಂಕ್ ಮತ್ತೆ ತೆರೀತು, ಆ ಹುಡುಗ ಹನ್ಯು ಮುಂದೆ 2014, 2018 ಎರಡು ಒಲಿಂಪಿಕ್‌ನಲ್ಲೂ ಚಿನ್ನ ತಂದ. ಮಗಳಿಗೆ ಹೇಳಿ, ಪ್ಲಾನಿಂಗ್ ಅರ್ಜಿಗೆ ಆಕ್ಷೇಪಣೆ ಹಾಕುವ ಹಕ್ಕು ಉಂಟು, ಹೊಸ ಕಟ್ಟಡದಲ್ಲೇ ರಿಂಕ್ ಬೇಕು ಅಂತ ಅಕ್ಕಪಕ್ಕದವ್ರೆಲ್ಲ ಸೇರಿ ಬರೀಲಿ.

ಪ್ರಶ್ನೆ: ನಮ್ಮ ಮಂಗಳೂರಲ್ಲಿ ಐಸ್ ರಿಂಕ್ ಮಾಡ್ಲಿಕ್ಕಾಗ್ತದಾ?
– ರೋಲರ್ ಸ್ಕೇಟಿಂಗ್ ಹುಡುಗನ ತಂದೆ, ಕಂಕನಾಡಿ

ಉತ್ತರ: ಆಗ್ತದೆ, ನಡೆಸೋದೇ ಕಷ್ಟ. ನಮ್ಮ ಗಾಳಿಯ ತೇವ ಐಸ್ ಮೇಲೆ ಕೂತು ಮಂಜು ಕಟ್ಟುತ್ತದೆ, ಅದನ್ನು ಹೀರುವ ಮೆಷಿನ್ನೇ ಕರೆಂಟು ತಿಂತದೆ. ಇಷ್ಟು ಸೆಕೆ ಇಲ್ಲದ ಡೆಹ್ರಾಡೂನಲ್ಲೇ 2011ರ ರಿಂಕ್ ಖರ್ಚು ತಡೀದೆ ವರ್ಷಗಟ್ಟಲೆ ಬೀಗ ಹಾಕಿತ್ತು. ಮಗನಿಗೆ ಬೇಕಾದ್ದು ಮಾಡು ಇರುವ ರೋಲರ್ ರಿಂಕ್, ಮಳೆಗಾಲದ ನಾಲ್ಕು ತಿಂಗಳು ಪ್ರಾಕ್ಟೀಸ್ ತಪ್ಪದ ಹಾಗೆ, ಅದೂ ಬಸ್ ಇಳಿದು ನಡೆಯುವಷ್ಟು ಹತ್ರ. ಪಾಲಿಕೆ ಬಜೆಟಿಗೆ ಮೊದ್ಲೇ ನಿಮ್ಮ ಕಾರ್ಪೊರೇಟರ್ ಹತ್ರ ನಾಲ್ಕು ಮಂದಿ ಪೇರೆಂಟ್ಸ್ ಒಟ್ಟಿಗೆ ಹೋಗಿ.