ಟಾರ್ಚ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ, ಹಾಗಾದರೆ ಪಂಪಿನ ಬ್ಯಾಟರಿಗೂ ಬೇಡವಾ?

ಔಷಧಿ ಹೊಡೆಯುವ ಪಂಪಿನ ಚಾರ್ಜರ್ ಸುಟ್ಟುಹೋಗಿದೆ, ಬ್ಯಾಟರಿ 12 ವೋಲ್ಟ್ 8 ಎಎಚ್‌ನದು (ಎಎಚ್ ಅಂದರೆ ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ). ಪ್ಲಗ್ ಹಾಕಿ ಚಾರ್ಜ್ ಮಾಡುವ ಟಾರ್ಚ್ ಬಿಚ್ಚಿ ನೋಡಿದರೆ ಅದರೊಳಗೆ ಟ್ರಾನ್ಸ್‌ಫಾರ್ಮರೇ ಇಲ್ಲ. ಅದೇ ಥರ ಕೆಪಾಸಿಟರ್ ಹಾಕಿ ಮನೆಯ 230 ವೋಲ್ಟ್‌ನಿಂದ ಪಂಪಿನ ಬ್ಯಾಟರಿ ಚಾರ್ಜ್ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಿದರೆ ಚಾರ್ಜ್ ಆಗುತ್ತದೆ. ಆದರೆ ದಯವಿಟ್ಟು ಮಾಡಬೇಡಿ. ನಾನು ಮಾಡಿ ಪೆಟ್ಟು ತಿಂದವನು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಟಾರ್ಚ್ ಒಳಗೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ, ಚಪ್ಪಟೆಯಾದ ಒಂದು ಬಿಲ್ಲೆ ನೋಡಿರುತ್ತೀರಿ. ಅದೇ ಕೆಪಾಸಿಟರ್. ಮೇಲೆ 105ಜೆ, 400ವಿ ಅಂತ ಇದ್ದರೆ ಅದು 1 ಮೈಕ್ರೋಫ್ಯಾರಡ್‌ನದು. ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ಅದು ಸುಮಾರು 70 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ. ಹಿಂದೆ ಇರುವ 4 ಡಯೋಡ್ ಅದನ್ನು ಡಿಸಿ ಮಾಡಿ ಬ್ಯಾಟರಿಗೆ ಕೊಡುತ್ತವೆ. ವೋಲ್ಟೇಜನ್ನು 4ರ ಹತ್ತಿರ ಹಿಡಿದಿಡುವುದು ಆ ಬ್ಯಾಟರಿಯೇ. ಬ್ಯಾಟರಿ ವಯರ್ ಬಿಟ್ಟುಹೋದರೆ ಅದೇ ಜಾಗದಲ್ಲಿ 300 ವೋಲ್ಟ್ ದಾಟುತ್ತದೆ.

ಹಿಂದೆ ಇದೇ ಕೆಲಸಕ್ಕೆ ಸೀರೀಸ್‌ನಲ್ಲಿ, ಅಂದರೆ ಬ್ಯಾಟರಿಗೆ ಹೋಗುವ ತಂತಿಯ ನಡುವೆ, ಬಲ್ಬ್ ಹಾಕುತ್ತಿದ್ದರು. 100 ವಾಟ್ ಬಲ್ಬ್ ಉರಿದರೆ 12 ವೋಲ್ಟ್ ಬ್ಯಾಟರಿಗೆ ಸಿಗುವುದು ಸುಮಾರು 5 ವಾಟ್, ಉಳಿದದ್ದೆಲ್ಲ ಬಲ್ಬಿನ ಬಿಸಿಗೆ ಹೋಗುತ್ತದೆ. ಕೆಪಾಸಿಟರ್ ಹಾಗೆ ಬಿಸಿಯಾಗುವುದಿಲ್ಲ, ಅಗ್ಗವೂ ಹೌದು. ಅದಕ್ಕೇ ಟಾರ್ಚ್ ಮಾಡುವವರಿಗೆ ಇಷ್ಟ.

ತೊಂದರೆ ಇರುವುದು ಬೇರೆ ಕಡೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುವುದಷ್ಟೇ ಅಲ್ಲ, ಸ್ವಿಚ್‌ಬೋರ್ಡಿನ ಕರೆಂಟಿಗೂ ಬ್ಯಾಟರಿಗೂ ನಡುವಿನ ನಂಟನ್ನೇ ಕಡಿಯುತ್ತದೆ. ಎರಡೂ ಕಡೆಯ ತಂತಿ ಒಂದಕ್ಕೊಂದು ತಾಗುವುದೇ ಇಲ್ಲ. ಕೆಪಾಸಿಟರ್ ಹಾಕಿದರೆ ಆ ನಂಟು ಹಾಗೇ ಉಳಿಯುತ್ತದೆ. ಟಾರ್ಚ್ ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಮೀಟರ್ ಇಟ್ಟರೆ 4 ವೋಲ್ಟ್ ತೋರಿಸುತ್ತದೆ, ನಿಜ. ಆದರೆ ಟರ್ಮಿನಲ್‌ಗೂ ನೆಲಕ್ಕೂ ನಡುವೆ ಎಷ್ಟಿದೆ ಅಂತ ಯಾರೂ ನೋಡುವುದಿಲ್ಲ.

ನಾನೂ ನೋಡಿರಲಿಲ್ಲ. ಹಳೆಯ ಟಾರ್ಚಿನ ಬೋರ್ಡ್ ತೆಗೆದು, ಹೊರಗೆ ಎರಡು ಕ್ಲಿಪ್ ಬಿಟ್ಟು ಚಾರ್ಜರ್ ಮಾಡಿಕೊಂಡಿದ್ದೆ. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಕ್ಲಿಪ್ ಮುಟ್ಟಿದ್ದೇನೆ, ಬ್ಯಾಟರಿ ಸರಿಸಿದ್ದೇನೆ. ಒಂದು ದಿನ ಟೇಬಲ್ ಒರೆಸಿ ಪ್ಲಗ್ ಮತ್ತೆ ಹಾಕಿದೆ. ಬರಿಗಾಲು, ಸಿಮೆಂಟ್ ನೆಲ. ಸಡಿಲವಾಗಿದ್ದ ಮೈನಸ್ ಕ್ಲಿಪ್ ಒತ್ತಿದೆ, ಭುಜದವರೆಗೂ ಹೊಡೆಯಿತು. ಕೈ ಹಿಂದಕ್ಕೆ ಎಗರಿ ಮೊಣಕೈ ಗೋಡೆಗೆ ಬಡಿಯಿತು. ಬೆರಳು ಕ್ಲಿಪ್ಪಿಗೆ ಕಚ್ಚಿಕೊಳ್ಳಲಿಲ್ಲ, ಅದೊಂದೇ ಪುಣ್ಯ.

ಆಮೇಲೆ ಅದೇ ಕ್ಲಿಪ್ಪಿಗೆ ಟೆಸ್ಟರ್ ಇಟ್ಟು ನೋಡಿದೆ, ಜೋರಾಗಿ ಹತ್ತಿತು. ಪ್ಲಗ್ ತಿರುಗಿಸಿ ಹಾಕಿದೆ, ಹತ್ತಲಿಲ್ಲ. ಆಗ ಅರ್ಥವಾಯಿತು. ಕೆಪಾಸಿಟರ್ ಇರುವುದು ಒಂದೇ ತಂತಿಯಲ್ಲಿ, ಅಲ್ವಾ? ಆ ತಂತಿ ಫೇಸ್‌ಗೆ ಬಂದರೆ ಬ್ಯಾಟರಿ ನ್ಯೂಟ್ರಲ್ ಕಡೆ ಇರುತ್ತದೆ, ಮುಟ್ಟಿದರೆ ಗೊತ್ತೇ ಆಗುವುದಿಲ್ಲ. ಪ್ಲಗ್ ತಿರುಗಿದರೆ ಕೆಪಾಸಿಟರ್ ನ್ಯೂಟ್ರಲ್‌ಗೆ ಹೋಗುತ್ತದೆ, ಬ್ಯಾಟರಿ ಡಯೋಡ್ ಮೂಲಕ ನೇರ ಫೇಸ್‌ಗೆ ಸೇರಿಕೊಳ್ಳುತ್ತದೆ. ಆಗ ನಮ್ಮ ಮೈಗೂ ಫೇಸ್‌ಗೂ ನಡುವೆ ಆ ಕೆಪಾಸಿಟರ್ ಕೂಡ ಇರುವುದಿಲ್ಲ. "70 ಮಿಲಿಆಂಪಿಯರ್ ತಾನೇ" ಅನ್ನುವ ಮಾತು ಅಲ್ಲಿಗೆ ಸುಳ್ಳಾಯಿತು. ಮನುಷ್ಯನ ಜೀವ ಉಳಿಸಲು ಮನೆಗೆ ಹಾಕುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) 30 ಮಿಲಿಆಂಪಿಯರ್‌ಗೇ ಟ್ರಿಪ್ ಆಗಬೇಕು ಅಂದಮೇಲೆ 70 ಕೂಡ ಸಣ್ಣದಲ್ಲ. ಎರಡು ಪಿನ್ನಿನ ಪ್ಲಗ್ ಹೇಗೆ ಬೇಕಾದರೂ ಕೂರುತ್ತದೆ. ಇಷ್ಟು ದಿನ ಏನೂ ಆಗಿಲ್ಲ ಅನ್ನುವುದಕ್ಕೆ ಅರ್ಥವೇ ಇಲ್ಲ.

ಟಾರ್ಚ್ ಹೇಗೋ ನಡೆಯುತ್ತದೆ, ಯಾಕೆಂದರೆ ಅದರ ಬ್ಯಾಟರಿ ಪ್ಲಾಸ್ಟಿಕ್ ಒಳಗೆ ಮುಚ್ಚಿರುತ್ತದೆ, ಕೈಗೆ ಲೋಹ ಸಿಗುವುದಿಲ್ಲ. ನಿಮ್ಮ ಪಂಪು ಹಾಗಲ್ಲ. ಚಾರ್ಜಿಂಗ್ ಪಿನ್ ಹೊರಗಿದೆ, ಟ್ಯಾಂಕಿನಲ್ಲಿ ನೀರಿದೆ, ತೋಟದಿಂದ ಬಂದವರ ಕೈಕಾಲು ಒದ್ದೆ.

ಲೆಕ್ಕವೂ ಹೊಂದುವುದಿಲ್ಲ. 8 ಎಎಚ್ ಲೆಡ್ ಆ್ಯಸಿಡ್ ಬ್ಯಾಟರಿಗೆ ಸುಮಾರು 0.8 ಆಂಪಿಯರ್ ಬೇಕು. ಅಷ್ಟು ಬಿಡಲು ಸೀಲಿಂಗ್ ಫ್ಯಾನಿನ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್ ಐದು ಸೇರಿಸಬೇಕಾಗುತ್ತದೆ. ಬ್ಯಾಟರಿ ತುಂಬಿದ ಮೇಲೂ ಅದು ನಿಲ್ಲಿಸುವುದಿಲ್ಲ, ತಳ್ಳುತ್ತಲೇ ಇರುತ್ತದೆ. ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ಬ್ಯಾಟರಿ ಉಬ್ಬಿರಬಹುದು.

ಮೊಬೈಲ್ ಚಾರ್ಜರ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ ಅಂತಲೂ ಜಾಸ್ತಿ ಜನ ಅಂದುಕೊಂಡಿದ್ದಾರೆ. ಇದೆ. ಹಳದಿ ಟೇಪ್ ಸುತ್ತಿದ ಸಣ್ಣ ಗಟ್ಟಿ ಇರುತ್ತದಲ್ಲ, ಅದೇ. ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುವುದರಿಂದ ಅಷ್ಟು ಚಿಕ್ಕದಿದ್ದರೂ ಸಾಕಾಗುತ್ತದೆ. ನಿಮಗೆ ಬೇಕಾಗಿರುವುದೂ ಅಂಥದ್ದೇ.

ಹಳೆಯ ಚಾರ್ಜರ್ ಎಸೆಯುವ ಮೊದಲು ಅದರ ವಯರ್ ಪಿನ್ ಹತ್ತಿರ ಮಡಚುವ ಕಡೆ ತುಂಡಾಗಿದೆಯಾ ನೋಡಿ, ನಾನು ನೋಡಿದ ಎಷ್ಟೋ ಚಾರ್ಜರ್‌ಗಳಲ್ಲಿ ಹೋಗಿದ್ದು ಅಷ್ಟೇ. ಹೊಸದು ತರುವುದಾದರೆ ಬ್ಯಾಟರಿಯನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ. ಲೆಡ್ ಆ್ಯಸಿಡ್ ಆದರೆ ಸುಮಾರು 14.4 ವೋಲ್ಟ್‌ಗೆ ನಿಲ್ಲುವ, 2 ಆಂಪಿಯರ್ ಮೀರದ ಚಾರ್ಜರ್ ಕೇಳಿ. ಮೂರು ಲಿಥಿಯಂ ಸೆಲ್‌ನ ಪ್ಯಾಕ್ ಆದರೆ 12.6 ವೋಲ್ಟ್‌ನದೇ ಆಗಬೇಕು, ಒಂದರದ್ದು ಇನ್ನೊಂದಕ್ಕೆ ಹಾಕಬೇಡಿ.