ಜರ್ಮನಿಯಲ್ಲಿ ಯಾರಿಗೆ ಯಾವ ಕಾಗದ ಕೊಡಬೇಕು?

ಕುಮಟಾದಿಂದ ಫ್ರಾಂಕ್‌ಫರ್ಟಿಗೆ ಹೊರಟಿರುವ ತಮ್ಮಾ, ‘ಅಲ್ಲಿ ಡೇಟಾ ಕಾನೂನು ಬಿಗಿಯಂತೆ, ಹಾಗಾದ್ರೆ ನಮ್ಮ ಮಾಹಿತಿ ಯಾರೂ ತಗೊಳ್ಳಲ್ವಾ’ ಅಂತ ಕೇಳಿದ್ದೀಯ. ತಗೊಳ್ಳುತ್ತಾರೆ ಮಾರಾಯ, ಧಾರಾಳವಾಗಿ ತಗೊಳ್ಳುತ್ತಾರೆ. ಆದರೆ ಇಲ್ಲಿ ‘ಕೊಡಲ್ಲ’ ಅಂದರೆ ಯಾರೂ ಮುಖ ಗಂಟಿಕ್ಕುವುದಿಲ್ಲ.

ಶಿರಸಿಯಲ್ಲಿ ಒಂದು ಟವೆಲ್ ತಗೊಂಡರೂ ಬಿಲ್ ಮಾಡುವ ಹುಡುಗ ಮೊಬೈಲ್ ನಂಬರ್ ಕೇಳುತ್ತಾನೆ, ನಾವೂ ಹಿಂದೆ ನಿಂತವರಿಗೆಲ್ಲ ಕೇಳುವ ಹಾಗೆ ಹತ್ತೂ ಅಂಕಿ ಒದರುತ್ತೇವೆ. ನಂಬರಿಗೆ ಒತ್ತಾಯ ಮಾಡಬೇಡಿ ಅಂತ ಕೇಂದ್ರದ ಗ್ರಾಹಕ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಹೇಳಿದೆ. ಕೌಂಟರಿನಲ್ಲಿ ನಿಂತು ವಾದ ಮಾಡುವವರು ಯಾರು? ಆ ಒದರುವ ಅಭ್ಯಾಸ ಮಾತ್ರ ಇಲ್ಲಿಗೆ ತರಬೇಡ. ಇಲ್ಲಿ ಕೇಳುವುದು ಪೇಬ್ಯಾಕ್ ಕಾರ್ಡು, ಅಂದರೆ ಸಾಮಾನು ಕೊಂಡಾಗಲೆಲ್ಲ ಪಾಯಿಂಟ್ ಸೇರಿಸುವ ಕಾರ್ಡು. ಒಂದು ಪಾಯಿಂಟ್ ಅಂದರೆ 1 ಸೆಂಟ್. ಅಷ್ಟಕ್ಕೆ ನೀನು ಯಾವ ವಾರ ಏನು ತಿಂದೆ, ಏನು ಕುಡಿದೆ ಅನ್ನುವ ಲೆಕ್ಕ ಅವರ ಕೈಗೆ. ನನ್ನ ಹೆಂಡತಿ ಆ ಕಾರ್ಡ್ ಇಟ್ಟುಕೊಂಡಿದ್ದಾಳೆ, ನಾನು ಇಟ್ಟುಕೊಂಡಿಲ್ಲ. ಅದು ನಮ್ಮನೆ ಜಗಳ, ಬಿಡು.

ಜಿಡಿಪಿಆರ್ ಅಂತ ಕೇಳಿರುತ್ತೀಯ, ಯುರೋಪಿಯನ್ ಒಕ್ಕೂಟದ ಡೇಟಾ ರಕ್ಷಣೆ ಕಾನೂನು, 2018ರ ಮೇ 25ರಿಂದ ಜಾರಿಯಲ್ಲಿದೆ. ಅದರ 15ನೇ ವಿಧಿಯ ಪ್ರಕಾರ ಯಾವ ಕಂಪನಿಗಾದರೂ ‘ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ’ ಅಂತ ಒಂದು ಮೇಲ್ ಹಾಕಬಹುದು. ಸಾಮಾನ್ಯವಾಗಿ ಒಂದು ತಿಂಗಳೊಳಗೆ, ಕಾಸಿಲ್ಲದೆ ಉತ್ತರ ಕೊಡಬೇಕು. ಬೂಟು ಮಾರುವ ಒಂದು ಆನ್‌ಲೈನ್ ಅಂಗಡಿಗೆ ನಾನು ಬರೆದಿದ್ದೆ. ಬಂದ ಫೈಲಿನಲ್ಲಿ ನಾನು ಕೊಳ್ಳದೆ ಸುಮ್ನೆ ನೋಡಿ ಬಿಟ್ಟ ಜೋಡಿಗಳ ಪಟ್ಟಿ ಇತ್ತು. ಅವರ ಜಾಹೀರಾತು ಮೇಲನ್ನು ರಾತ್ರಿ ಎಷ್ಟು ಗಂಟೆಗೆ ತೆರೆದೆ ಅನ್ನುವುದೂ ಇತ್ತು!

ನಿನಗೆ ನಿಜವಾದ ಅಪಾಯ ಇರುವುದು ಮನೆ ಹುಡುಕುವಾಗ. ಬಾಡಿಗೆ ಮನೆ ಸಿಗುವುದೇ ಕಷ್ಟ, ಆ ಗಾಬರಿಯಲ್ಲಿ ನಮ್ಮ ಹುಡುಗರು ಪಾಸ್‌ಪೋರ್ಟ್, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಸೇರಿಸಿ ಮುಖವೇ ನೋಡದ ಮನುಷ್ಯನಿಗೆ ಕಳಿಸಿಬಿಡುತ್ತಾರೆ. ಮನೆಯೂ ಇಲ್ಲ, ಮಾಲೀಕನೂ ಇಲ್ಲ, ಆ ಪಾಸ್‌ಪೋರ್ಟಿನ ಹೆಸರಲ್ಲಿ ಇನ್ಯಾರೋ ವ್ಯವಹಾರ ಮಾಡುತ್ತಿರುತ್ತಾರೆ. ಮನೆ ನೋಡುವ ಹಂತದಲ್ಲೇ ಸಂಬಳದ ಚೀಟಿ ಕೇಳುವ ಹಾಗಿಲ್ಲ. ಮನೆ ನಿನಗೇ ಕೊಡುತ್ತೇನೆ ಅಂತ ಮಾಲೀಕ ಅಂದ ಮೇಲೆ ತೋರಿಸು, ಬೇಡದ ಸಾಲುಗಳಿಗೆ ಕಪ್ಪು ಬಳಿದು. ಸಾಲ ತೀರಿಸುವ ನಂಬಿಕೆಗೆ ಅಂತ ಶೂಫಾ ವರದಿಯನ್ನೂ ಕೇಳುತ್ತಾರೆ; ಶೂಫಾ ಅಂದರೆ ಜನರ ಸಾಲದ ಲೆಕ್ಕ ಇಡುವ ಖಾಸಗಿ ಕಂಪನಿ. ಅದರ ಪುಕ್ಕಟೆ ಪ್ರತಿ ನಿನಗೋಸ್ಕರ ಇರುವುದು, ಅದರಲ್ಲಿ ಬ್ಯಾಂಕ್ ಖಾತೆ, ಸಾಲ ಎಲ್ಲದರ ವಿವರ ಇರುತ್ತೆ. ಅದನ್ನು ಇಡಿಯಾಗಿ ಮಾಲೀಕನ ಕೈಗೆ ಕೊಡಬೇಡ.

ಸರ್ಕಾರದ ಹತ್ತಿರ ಮಾತ್ರ ಈ ಆಟ ನಡೆಯಲ್ಲ. ಮನೆಗೆ ಹೋದ ಎರಡು ವಾರದೊಳಗೆ ಊರಿನ ನೋಂದಣಿ ಕಚೇರಿಯಲ್ಲಿ ವಿಳಾಸ ನೋಂದಾಯಿಸಲೇಬೇಕು. ವಿಳಾಸ ಪುಸ್ತಕ ಛಾಪಿಸುವವರಿಗೆ ನನ್ನದು ಕೊಡಬೇಡಿ ಅಂತ ಅಲ್ಲೇ ಬರೆದುಕೊಡಬಹುದು, ಅದಕ್ಕೂ ಕಾಸಿಲ್ಲ. ನೋಂದಣಿ ಫಾರಂನಲ್ಲಿ ಧರ್ಮದ ಕಾಲಂ ಒಂದಿದೆ. ಇಷ್ಟೆಲ್ಲ ಖಾಸಗಿತನ ಅನ್ನುವ ದೇಶದಲ್ಲಿ ಇದ್ಯಾಕೆ ಅಂತ ನನಗೂ ಅನ್ನಿಸಿತ್ತು. ಕಾರಣ ಚರ್ಚ್ ತೆರಿಗೆ. ನಿನ್ನ ಜೊತೆ ಬರುತ್ತಿರುವ ಕಾರವಾರದ ಗೆಳೆಯ ಕ್ಯಾಥೊಲಿಕ್ ಅಂದೆಯಲ್ಲ, ಅವನಿಗೆ ಮೊದಲೇ ಹೇಳಿಡು: ಹಾಗೆ ನಮೂದಾದರೆ ಫ್ರಾಂಕ್‌ಫರ್ಟಿನಲ್ಲಿ ಆದಾಯ ತೆರಿಗೆಯ 9% ಮೊತ್ತ ಬೇರೆಯಾಗಿ ಸಂಬಳದಿಂದ ಹೋಗುತ್ತದೆ.